ಲಿವರ್ ಬಿಡುವ ಮುಂಚೆ ನಿಪ್ಪಲ್ ಮುಚ್ಚಿ: ತೋಟದ ಎಟಿವಿಗೆ ಬ್ರೇಕ್ ಆಯಿಲ್ ಬದಲಿಸುವ ಬಗೆ

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಮೇಲಿನ ಬ್ಲಾಕಿನಿಂದ ಕಣಕ್ಕೆ ಇಳಿಯುವ ದಾರಿ ಸಾಕಷ್ಟು ಕಡಿದು. ಮೂರು ತಿರುವು, ಸುಮಾರು ನೂರು ಮೀಟರ್ ಇಳಿತ. ಎರಡು ವರ್ಷದ ಹಿಂದೆ ಕೊಯ್ಲಿನ ಸಮಯ. ಚಿಕ್ಕಪ್ಪ ಎಟಿವಿಯಲ್ಲಿ, ಅಂದರೆ ಬೈಕಿನಂಥ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿಯಲ್ಲಿ, ಕಾಫಿ ಹಣ್ಣಿನ ಮೂಟೆ ಹೇರಿಕೊಂಡು ಇಳಿಯುತ್ತಿದ್ದರು. ಎರಡನೇ ತಿರುವಿನ ತನಕ ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಮೂರನೆಯದರಲ್ಲಿ ಲಿವರ್ ಒತ್ತಿದರೆ ಅದು ಸೀದಾ ಹ್ಯಾಂಡಲಿಗೆ ಬಂದು ತಾಗಿತು. ಕೈಗೆ ಏನೂ ಸಿಗಲಿಲ್ಲ. ಕಾಲಿನ ಬ್ರೇಕ್ ಹಿಂದಿನ ಚಕ್ರವನ್ನು ಒಂದಿಷ್ಟು ಹಿಡಿದದ್ದಕ್ಕೆ ಗಾಡಿಯನ್ನು ದಿಬ್ಬದ ಕಡೆ ತಿರುಗಿಸಿ ಸಿಲ್ವರ್ ಓಕ್ ಮರಕ್ಕೆ ಒರಗಿಸಿ ನಿಲ್ಲಿಸಿದರು. ಅವರಿಗೆ ಏನೂ ಆಗಲಿಲ್ಲ.

ನಾನು ಓಡಿ ಹೋಗಿ ನೋಡುವಷ್ಟರಲ್ಲಿ ಅರ್ಧ ಗಂಟೆ ಆಗಿತ್ತು. ಲಿವರ್ ಒತ್ತಿ ನೋಡಿದೆ. ಗಟ್ಟಿಯಾಗಿಯೇ ಇತ್ತು!

"ಏನೋ ಸುಮ್ನೆ ಹಾಗಾಯ್ತು ಮಾರಾಯ್ತಿ. ಈಗ ಸರಿ ಇದೆಯಲ್ಲ" ಅಂದರು ಚಿಕ್ಕಪ್ಪ.

ಸರಿ ಇರಲಿಲ್ಲ. ಇಳಿಯುವಾಗ ಕೈಕೊಟ್ಟು, ತಣ್ಣಗಾದ ಮೇಲೆ ಮತ್ತೆ ಗಟ್ಟಿಯಾಗುವ ಬ್ರೇಕ್ ಒಂದೇ ವಿಷಯ ಹೇಳುತ್ತದೆ. ಒಳಗಿನ ಬ್ರೇಕ್ ಆಯಿಲ್ ಕುದಿದಿದೆ. ಯಾಕೆ ಕುದಿಯಿತು, ಅದನ್ನು ಬದಲಿಸುವುದು ಹೇಗೆ, ಪೈಪಿನೊಳಗಿನ ಗಾಳಿ ತೆಗೆಯುವುದು ಹೇಗೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಈಗ ನಮ್ಮ ಕಡೆ ತೋಟಗಳಲ್ಲೂ ಹೋಮ್‌ಸ್ಟೇಗಳಲ್ಲೂ ಎಟಿವಿ ಓಡಾಡುತ್ತಿವೆ. ಎಂಜಿನ್ ಆಯಿಲ್ ಲೆಕ್ಕ ಎಲ್ಲರೂ ಇಡುತ್ತಾರೆ. ಬ್ರೇಕ್ ಆಯಿಲ್ ಬಗ್ಗೆ ಕೇಳಿದರೆ "ಇದೆಯಲ್ಲ, ಕಮ್ಮಿ ಆದಾಗ ಹಾಕಿದರಾಯ್ತು" ಅನ್ನುವವರೇ ಜಾಸ್ತಿ.

ಮೊದಲು ಒಂದು ಮಾತು. ಬ್ರೇಕ್ ಆಯಿಲ್ ಅಂತ ಕರೆಯುತ್ತೇವೆ, ಆದರೆ ಅದು ಎಣ್ಣೆ ಅಲ್ಲ. ಗ್ಲೈಕಾಲ್ ಈಥರ್ ಅನ್ನುವ ರಾಸಾಯನಿಕದಿಂದ ಮಾಡಿದ ದ್ರವ ಅದು. ಎಣ್ಣೆ ನೀರಿನ ಜೊತೆ ಬೆರೆಯುವುದಿಲ್ಲ, ಇದು ಬೆರೆಯುತ್ತದೆ. ಮುಂದಿನ ಕಥೆಯೆಲ್ಲ ಇರುವುದು ಇದರಲ್ಲೇ.

ಲಿವರ್ ಒತ್ತಿದಾಗ ಹ್ಯಾಂಡಲ್ ಮೇಲಿನ ಮಾಸ್ಟರ್ ಸಿಲಿಂಡರಿನಲ್ಲಿ ಒಂದು ಚಿಕ್ಕ ಪಿಸ್ಟನ್ ಮುಂದೆ ಸರಿದು ದ್ರವವನ್ನು ತಳ್ಳುತ್ತದೆ. ದ್ರವ ಕುಗ್ಗುವುದಿಲ್ಲ. ಹಾಗಾಗಿ ಆ ಒತ್ತಡ ಪೈಪಿನ ಉದ್ದಕ್ಕೂ ಹಾಗೇ ಹೋಗಿ ಚಕ್ರದ ಹತ್ತಿರ ಇರುವ ಕ್ಯಾಲಿಪರಿನ ದೊಡ್ಡ ಪಿಸ್ಟನ್ನನ್ನು ತಳ್ಳುತ್ತದೆ. ಅದರ ಮುಂದಿನ ಪ್ಯಾಡ್ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಹಿಡಿಯುತ್ತದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಕಂಡುಕೊಂಡ ನಿಯಮವೇ ಇವತ್ತು ನಮ್ಮ ಎಟಿವಿಯನ್ನು ನಿಲ್ಲಿಸುತ್ತಿರುವುದು. ಲೆಕ್ಕಕ್ಕೆ ಚಿಕ್ಕ ಪಿಸ್ಟನ್ 12 ಮಿಲಿಮೀಟರ್ ಅಗಲ, ದೊಡ್ಡದು 36 ಅಂದುಕೊಳ್ಳಿ. ಅಗಲ ಮೂರು ಪಟ್ಟು ಅಂದರೆ ವಿಸ್ತೀರ್ಣ ಒಂಬತ್ತು ಪಟ್ಟು. ಬಲವೂ ಒಂಬತ್ತು ಪಟ್ಟು. ಅದಕ್ಕೇ ಎರಡು ಬೆರಳಿನಲ್ಲಿ ಒತ್ತಿದರೂ ಅಷ್ಟು ಭಾರದ ಗಾಡಿ ನಿಲ್ಲುತ್ತದೆ.

ಬಲ ಪುಕ್ಕಟೆ ಬರುವುದಿಲ್ಲ. ಬಲ ಒಂಬತ್ತು ಪಟ್ಟು ಹೆಚ್ಚಿದರೆ ಓಟ ಒಂಬತ್ತರಲ್ಲಿ ಒಂದು ಪಾಲಾಗುತ್ತದೆ. ಪ್ಯಾಡ್ 0.3 ಮಿಲಿಮೀಟರ್ ಸರಿಯಬೇಕಾದರೆ ಈ ಲೆಕ್ಕದಲ್ಲಿ ಕ್ಯಾಲಿಪರಿಗೆ ಸುಮಾರು 0.3 ಎಂಎಲ್ ದ್ರವ ಬಂದರೆ ಸಾಕು. ಅಂದರೆ ನಾಲ್ಕೈದು ಕಾಳುಮೆಣಸಿನಷ್ಟು. ಈಗ ಅಷ್ಟೇ ಗಾತ್ರದ ಗಾಳಿಗುಳ್ಳೆ ಪೈಪಿನೊಳಗೆ ಇದೆ ಅಂದುಕೊಳ್ಳಿ. ಗಾಳಿ ಕುಗ್ಗುತ್ತದೆ. ನೀವು ತಳ್ಳಿದ ದ್ರವ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಲಿವರಿನ ತುದಿಯಲ್ಲಿ ಒಂದು ಸೆಂಟಿಮೀಟರಿಗೂ ಜಾಸ್ತಿ ಓಟ ಸುಮ್ಮನೆ ವ್ಯರ್ಥ. ಕೈಗೆ ಸ್ಪಂಜ್ ಹಿಂಡಿದ ಹಾಗೆ ಅನಿಸುತ್ತದೆ. "ಏರ್ ಹಿಡಿದಿದೆ" ಅಂತ ಗ್ಯಾರೇಜಿನಲ್ಲಿ ಹೇಳುವುದು ಇದಕ್ಕೇ.

ಗಾಳಿ ಹೊರಗಿನಿಂದಲೇ ಬರಬೇಕು ಅಂತಿಲ್ಲ. ಒಳಗೇ ಆವಿ ಹುಟ್ಟಿದರೂ ಕೆಲಸ ಅದೇ. ಚಿಕ್ಕಪ್ಪನಿಗೆ ಆದದ್ದು ಅದು.

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ ಅಲ್ವಾ? ಮುಚ್ಚಳ ಎಷ್ಟು ಬಿಗಿ ಇದ್ದರೂ ಉಪ್ಪು ನೀರಾಗುತ್ತದೆ. ಬ್ರೇಕ್ ಆಯಿಲ್ ಸ್ವಭಾವವೂ ಅದೇ. ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ರಬ್ಬರ್ ಪೈಪಿನ ಗೋಡೆಯ ಮೂಲಕವೂ ಒಂದಿಷ್ಟು ತೇವ ಒಳಗೆ ಹೋಗುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಹಂಚಿನ ಕೆಳಗೂ ಬಟ್ಟೆ ಒಣಗದ ಊರಿನಲ್ಲಿ ಆ ಗಾಡಿ ನಿಂತಿರುತ್ತದೆ.

ಡಾಟ್ 3, ಡಾಟ್ 4, ಡಾಟ್ 5.1 ಅಂತ ಬಾಟಲಿಯ ಮೇಲೆ ಬರೆದಿರುತ್ತದೆ. ಡಾಟ್ ಅಂದರೆ ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಮೊದಲಕ್ಷರಗಳು. ಹೊಸ ಡಾಟ್ 4 ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಅದೇ ದ್ರವಕ್ಕೆ 3.7 ಶೇಕಡಾ ನೀರು ಸೇರಿದಾಗ ಈ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಡಾಟ್ 5.1 ಆದರೆ 260ರಿಂದ 180ಕ್ಕೆ. ನೂರರಲ್ಲಿ ನಾಲ್ಕು ಪಾಲು ಕೂಡ ಇಲ್ಲದ ನೀರಿಗೆ ಇಷ್ಟು ಶಕ್ತಿ. ಕಾಫಿ ಬೇಳೆಯ ತೇವ ಒಂದು ಶೇಕಡಾ ಹೆಚ್ಚಾದರೂ ವ್ಯಾಪಾರಿ ಹತ್ತಿರ ಚೌಕಾಸಿಗೆ ನಿಲ್ಲುವ ನಾವು ಈ ತೇವದ ಕಡೆಗೂ ನೋಡಬೇಕು.

ಇನ್ನು ಶಾಖದ ಲೆಕ್ಕ. ಗಾಡಿ, ಸವಾರ, ಮೂಟೆ ಎಲ್ಲ ಸೇರಿ 450 ಕೆಜಿ ಅಂದುಕೊಳ್ಳಿ. ನೂರು ಮೀಟರ್ ಕೆಳಗೆ ಇಳಿಯುವಾಗ ಅದು ಬಿಟ್ಟುಕೊಡುವ ಶಕ್ತಿ ಸುಮಾರು 440 ಕಿಲೋಜೂಲ್. ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಅಷ್ಟು ಸಾಕು. ಅದರಲ್ಲಿ ಒಂದು ಪಾಲು ಎಂಜಿನ್ ಹಿಡಿತಕ್ಕೆ ಹೋಗುತ್ತದೆ. ಉಳಿದದ್ದೆಲ್ಲ ಡಿಸ್ಕಿಗೆ, ಅಲ್ಲಿಂದ ಗಾಳಿಗೆ. ಆದರೆ ಗೇರ್ ಬದಲು ಬೆಲ್ಟ್ ಇರುವ ಕೆಲವು ಎಟಿವಿಗಳು ನಿಧಾನಕ್ಕೆ ಇಳಿಯುವಾಗ ಎಂಜಿನ್ ಹಿಡಿತವೇ ಸಿಗದೆ ಉರುಳುತ್ತವೆ. ಆಗ ಭಾರವೆಲ್ಲ ಬ್ರೇಕಿನ ಮೇಲೆ. ಇಳಿಜಾರಿನುದ್ದಕ್ಕೂ ಲಿವರ್ ಹಿಡಿದೇ ಇಳಿದರೆ ಡಿಸ್ಕಿಗೆ ಆರಲು ಸಮಯವೇ ಇಲ್ಲ. ಶಾಖ ಪ್ಯಾಡ್ ದಾಟಿ ಪಿಸ್ಟನ್ನಿಗೆ, ಅಲ್ಲಿಂದ ದ್ರವಕ್ಕೆ ಹೋಗುತ್ತದೆ.

ಒತ್ತಿ ಹಿಡಿದಿರುವಾಗ ಒಳಗೆ ಒತ್ತಡ ಇರುವುದರಿಂದ ಬೇಗ ಕುದಿಯುವುದಿಲ್ಲ. ಲಿವರ್ ಬಿಟ್ಟ ಕ್ಷಣ ಒತ್ತಡ ಇಳಿಯುತ್ತದೆ, ಆವಿ ಏಳುತ್ತದೆ. ಮುಂದಿನ ಸಲ ಒತ್ತಿದಾಗ ಕೈಗೆ ಸಿಗುವುದು ಆವಿ. ಅದಕ್ಕೇ ಎರಡನೇ ತಿರುವಿನಲ್ಲಿ ಹಿಡಿದ ಬ್ರೇಕ್ ಮೂರನೆಯದರಲ್ಲಿ ಕೈಕೊಟ್ಟದ್ದು. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಯಿತು, ಲಿವರ್ ಗಟ್ಟಿಯಾಯಿತು. ಸಾಕ್ಷಿಯೇ ಉಳಿಯಲಿಲ್ಲ.

ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಕಂಪನಿಯವರ ಪುಸ್ತಕಗಳು ಹೇಳುತ್ತವೆ. ನಮ್ಮ ಮಳೆಗೆ, ನಮ್ಮ ಇಳಿಜಾರಿಗೆ ವರ್ಷಕ್ಕೊಮ್ಮೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಾನು ಮಾಡುವುದು ಮಾರ್ಚಿನಲ್ಲಿ. ಕೊಯ್ಲು ಮುಗಿದಿರುತ್ತದೆ, ಹೂಮಳೆಗೆ ಕಾಯುತ್ತಾ ಇರುತ್ತೇವೆ, ಗಾಳಿಯೂ ಒಣಗಿರುತ್ತದೆ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಹೊಸದು ತಿಳಿ ಜೇನಿನ ಹಾಗೆ ಇರುತ್ತದೆ, ಹಳೆಯದು ಬೆಲ್ಲದ ಕಾಫಿಯ ಹಾಗೆ ಕಪ್ಪಾಗುತ್ತದೆ, ನಿಜ. ಆದರೆ ಕರಗಿದ ನೀರು ಕಣ್ಣಿಗೆ ಕಾಣುವುದಿಲ್ಲ. ತಿಳಿಯಾಗಿ ಕಂಡ ದ್ರವದಲ್ಲೂ ನೀರು ಇರಬಹುದು.

ಸಾಮಾನು ಜಾಸ್ತಿ ಬೇಡ. ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿರುತ್ತದೆ, ಅದನ್ನೇ ತನ್ನಿ. ಡಾಟ್ 5 ಮತ್ತು ಡಾಟ್ 5.1 ಒಂದೇ ಅಂತ ತಿಳಿಯಬೇಡಿ. ಡಾಟ್ 5 ಸಿಲಿಕೋನಿನದು, ಉಳಿದವುಗಳ ಜೊತೆ ಬೆರೆಸಲೇಬಾರದು. ದೊಡ್ಡ ಬಾಟಲಿ ಬೇಡ. ತೆರೆದಿಟ್ಟ ಬಾಟಲಿ ಅಂದರೆ ಮತ್ತದೇ ಉಪ್ಪಿನ ಡಬ್ಬಿ. ನಾನು 250 ಎಂಎಲ್‌ನ ಸೀಲ್ ಇರುವ ಎರಡು ಬಾಟಲಿ ತರುತ್ತೇನೆ. ಕ್ಯಾಲಿಪರಿನಿಂದ ದ್ರವ, ಗಾಳಿ ಹೊರಗೆ ಬಿಡುವ ಸಣ್ಣ ಬೋಲ್ಟಿಗೆ ನಿಪ್ಪಲ್ ಅನ್ನುತ್ತಾರೆ. ಅದಕ್ಕೆ ಹೊಂದುವ ರಿಂಗ್ ಸ್ಪ್ಯಾನರ್ ಬೇಕು, ಸಾಮಾನ್ಯವಾಗಿ 8 ಮಿಲಿಮೀಟರಿನದು. ಓಪನ್ ಸ್ಪ್ಯಾನರ್ ಹಾಕಿದರೆ ಅಂಚು ಸವೆದು ಹೋಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ದೊಡ್ಡ ಸಿರಿಂಜ್, ಡ್ರಿಪ್ ಹಾಕುವ ಪೈಪಿನಂಥ ಪಾರದರ್ಶಕ ಪೈಪು, ಒಂದು ಗಾಜಿನ ಬಾಟಲಿ, ಬನಿಯನ್ ವೇಸ್ಟ್, ಒಂದು ಬಕೆಟ್ ನೀರು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ಈ ದ್ರವ ಕಣ್ಣಿಗೆ ಬಿದ್ದರೆ ತುಂಬಾ ಉರಿ. ಹಾರಿತು ಅಂದರೆ ಹದಿನೈದು ನಿಮಿಷ ನೀರಿನಲ್ಲಿ ತೊಳೆದು ಡಾಕ್ಟರ್ ಹತ್ತಿರ ಹೋಗಿ.

ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಈ ಕೆಲಸದ ಹತ್ತಿರ ತರಬೇಡಿ. ಬ್ರೇಕಿನ ಒಳಗಿನ ರಬ್ಬರ್ ಸೀಲುಗಳು ಅವುಗಳಿಂದ ಊದಿಕೊಂಡು ಹಾಳಾಗುತ್ತವೆ. ಹಿಂದೆ ಒಮ್ಮೆ ಒಂದು ಗ್ಯಾರೇಜಿನಲ್ಲಿ ನಮ್ಮ ಬೈಕಿನ ಮಾಸ್ಟರ್ ಸಿಲಿಂಡರನ್ನು ಸೀಮೆಎಣ್ಣೆಯಲ್ಲಿ ತೊಳೆದು ಕೊಟ್ಟಿದ್ದರು. ಸ್ವಲ್ಪ ದಿನದಲ್ಲೇ ಸೀಲ್ ಊದಿ ಬ್ರೇಕ್ ಬಿಡದೆ ಹಿಡಿದುಕೊಂಡಿತು.

ಕೆಲಸ ಶುರು ಮಾಡುವ ಮುಂಚೆ ಗಾಡಿಯನ್ನು ತೊಳೆಯಿರಿ, ಮುಖ್ಯವಾಗಿ ನಿಪ್ಪಲ್ ಸುತ್ತ ಮೆತ್ತಿದ ಕೆಂಪು ಮಣ್ಣು. ಪೂರ್ತಿ ಒಣಗಲಿ. ಪ್ಯಾಡ್ ಎಷ್ಟು ಉಳಿದಿದೆ ನೋಡಿ. ಪ್ಯಾಡ್ ಸವೆದಷ್ಟೂ ಕ್ಯಾಲಿಪರಿನ ಪಿಸ್ಟನ್ ಮುಂದೆ ಬರುತ್ತದೆ, ಆ ಜಾಗ ತುಂಬಲು ಮೇಲಿನ ದ್ರವ ಇಳಿಯುತ್ತದೆ. ಮಟ್ಟ ಕಮ್ಮಿಯಾಗಿದೆ ಅಂದರೆ ಮೊದಲು ನೋಡಬೇಕಾದ್ದು ಪ್ಯಾಡನ್ನು. ಪ್ಯಾಡ್ ಸರಿ ಇದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಅದನ್ನು ಸರಿಮಾಡದೆ ಮುಂದೆ ಹೋಗಬೇಡಿ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಮಾಸ್ಟರ್ ಸಿಲಿಂಡರಿನ ಬಾಯಿ ಮಟ್ಟವಾಗಿ ನಿಲ್ಲುವ ಹಾಗೆ ಹ್ಯಾಂಡಲ್ ತಿರುಗಿಸಿ ಕಟ್ಟಿ. ಅದರ ಸುತ್ತ, ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಸಿ. ಒಂದು ಹನಿ ಬಿದ್ದರೂ ಪೇಂಟ್ ಏಳುತ್ತದೆ. ಬಿದ್ದರೆ ಒರೆಸುವುದಕ್ಕಿಂತ ಮೊದಲು ನೀರು ಹಾಕಿ. ನೀರಿನಲ್ಲಿ ಕರಗುವ ಸ್ವಭಾವ ಇಲ್ಲಿ ಉಪಕಾರಕ್ಕೆ ಬರುತ್ತದೆ. ಮುಚ್ಚಳದ ಸ್ಕ್ರೂಗಳು ಮೆದು, ಬೇಗ ತಲೆ ಕೆಡುತ್ತವೆ. ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು, ಮೇಲಿನಿಂದ ಮೆಲ್ಲಗೆ ಒಂದು ಏಟು ಕೊಟ್ಟು, ಒತ್ತಿ ಹಿಡಿದು ತಿರುಗಿಸಿ.

ಮುಚ್ಚಳ ತೆಗೆದರೆ ಕೆಳಗೆ ಮಡಿಕೆ ಮಡಿಕೆಯಾದ ರಬ್ಬರ್ ಹಾಳೆ ಇರುತ್ತದೆ. ಅದನ್ನು ಎತ್ತಿ, ಹಳೆ ದ್ರವವನ್ನು ಸಿರಿಂಜಿನಲ್ಲಿ ಎಳೆದು ತೆಗೆಯಿರಿ. ನಮ್ಮದರಲ್ಲಿ ತಳದಲ್ಲಿ ಕಾಫಿ ಚರಟದ ಹಾಗೆ ಕಪ್ಪು ಕೆಸರು ಕೂತಿತ್ತು. ಅದನ್ನು ನಯವಾಗಿ ಒರೆಸಿ ತೆಗೆದಾಗ ತಳದಲ್ಲಿ ಎರಡು ತೂತು ಕಂಡವು. ಒಂದು ದೊಡ್ಡದು, ಇನ್ನೊಂದು ಸೂಜಿಮೊನೆಯಷ್ಟು ಚಿಕ್ಕದು. ಈ ಚಿಕ್ಕ ತೂತನ್ನು ಹತ್ತಿರದಿಂದ ನೋಡಿ. ಬಿಸಿಯಾಗಿ ಹಿಗ್ಗಿದ ದ್ರವ ವಾಪಸ್ ಬರುವುದು ಇದರ ಮೂಲಕ. ಕೆಸರು ಅದನ್ನು ಮುಚ್ಚಿದರೆ ಹಿಗ್ಗಿದ ದ್ರವಕ್ಕೆ ದಾರಿ ಇಲ್ಲ, ನೀವು ಒತ್ತದೆಯೇ ಬ್ರೇಕ್ ತಾನಾಗಿ ಹಿಡಿಯುತ್ತದೆ. ಹಿಡಿದರೆ ಇನ್ನೂ ಬಿಸಿ, ಇನ್ನೂ ಹಿಗ್ಗು. ಆಮೇಲೆ ಹೊಸ ದ್ರವ ತುಂಬಿ ಲಿವರನ್ನು ಚೂರೇ ಚೂರು ಆಡಿಸಿದರೆ ಆ ತೂತಿನಿಂದ ಸಣ್ಣ ಚಿಲುಮೆ ಏಳುತ್ತದೆ, ಒಂದೆರಡು ಗುಳ್ಳೆಯೂ ಬರಬಹುದು. ತೂತು ತೆರೆದಿದೆ ಅನ್ನುವುದಕ್ಕೆ ಅದೇ ಗುರುತು.

ಈಗ ಕ್ಯಾಲಿಪರ್. ನಿಪ್ಪಲಿನ ರಬ್ಬರ್ ಟೊಪ್ಪಿ ತೆಗೆದು ಮೊದಲು ರಿಂಗ್ ಸ್ಪ್ಯಾನರ್ ಕೂರಿಸಿ, ಆಮೇಲೆ ಪೈಪ್ ಸಿಕ್ಕಿಸಿ. ಪೈಪಿನ ಇನ್ನೊಂದು ತುದಿ ಬಾಟಲಿಯಲ್ಲಿ ಒಂದಿಂಚು ಹೊಸ ದ್ರವದೊಳಗೆ ಮುಳುಗಿರಲಿ. ಮೊದಲು ಯಾವ ಚಕ್ರ ಅನ್ನುವುದು ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ಉದ್ದ ಪೈಪ್ ಇರುವ ಕ್ಯಾಲಿಪರ್ ಮೊದಲು. ನಿಮ್ಮ ಗಾಡಿಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಇದ್ದರೆ ಸರ್ವಿಸ್ ಸೆಂಟರಿಗೇ ಕೊಡಿ.

ಚಿಕ್ಕಪ್ಪ ಲಿವರ್ ಹತ್ತಿರ ನಿಂತರು, ನಾನು ಚಕ್ರದ ಹತ್ತಿರ ಕೂತೆ.

"ಒತ್ತಿ ಚಿಕ್ಕಪ್ಪ. ಮೆಲ್ಲಗೆ. ಹಾಗೇ ಹಿಡ್ಕೊಂಡಿರಿ."

"ಹಿಡ್ಕೊಂಡಿದೀನಿ."

ನಿಪ್ಪಲನ್ನು ಕಾಲು ಸುತ್ತು ಬಿಚ್ಚಿದೆ. ಕಪ್ಪು ದ್ರವ ಪೈಪಿನಲ್ಲಿ ಓಡಿ ಬಂತು. ಲಿವರ್ ಇಳಿಯುತ್ತಾ ಹೋಯಿತು.

"ಬಿಡ್ಲಾ?"

"ಬಿಡ್ಬೇಡಿ! ಮುಚ್ತೀನಿ, ತಡೀರಿ… ಹ್ಞಾ, ಈಗ ಬಿಡಿ."

ಇಡೀ ಕೆಲಸದ ಗುಟ್ಟು ಈ ಕ್ರಮ. ಒತ್ತಿ ಹಿಡಿ, ನಿಪ್ಪಲ್ ಬಿಚ್ಚು, ನಿಪ್ಪಲ್ ಮುಚ್ಚು, ಆಮೇಲೆ ಲಿವರ್ ಬಿಡು. ಲಿವರ್ ಬಿಟ್ಟಾಗ ಮಾಸ್ಟರ್ ಪಿಸ್ಟನ್ ಹಿಂದೆ ಸರಿದು ದ್ರವವನ್ನು ಎಳೆಯುತ್ತದೆ. ನಿಪ್ಪಲ್ ಮುಚ್ಚಿದ್ದರೆ ಅದು ಮೇಲಿನ ಬಟ್ಟಲಿನಿಂದ ಹೊಸ ದ್ರವ ಎಳೆದುಕೊಳ್ಳುತ್ತದೆ. ತೆರೆದಿದ್ದರೆ ನಿಪ್ಪಲ್ ಕಡೆಯಿಂದ ಗಾಳಿ ಎಳೆಯುತ್ತದೆ. ತೆಗೆಯಲು ಹೊರಟ ಗಾಳಿಯನ್ನು ನಾವೇ ಒಳಗೆ ಸೇರಿಸಿದ ಹಾಗೆ. ಒಬ್ಬರು ಹೇಳುವ ಮಾತಿಗೆ ಇನ್ನೊಬ್ಬರು ಉತ್ತರ ಕೊಡದೆ ಕೈ ಆಡಿಸಬಾರದು. ನಮ್ಮಿಬ್ಬರಿಗೂ ಮೂರ್ನಾಲ್ಕು ಸಲ ತಪ್ಪಿತು. ಆಮೇಲೆ ಲಯ ಹಿಡಿಯಿತು.

ಲಿವರನ್ನು ಹ್ಯಾಂಡಲಿನ ತನಕ ಪೂರ್ತಿ ಒತ್ತಬೇಡಿ, ಮಧ್ಯೆ ಒಂದು ಚಿಕ್ಕ ಮರದ ತುಂಡು ಇಟ್ಟುಕೊಳ್ಳಿ. ದಿನಾ ಓಡಾಡುವ ಜಾಗದಲ್ಲಿ ಸಿಲಿಂಡರ್ ನಯವಾಗಿರುತ್ತದೆ, ಅದರಾಚೆ ತುಕ್ಕು, ಕೆಸರು ಇರುತ್ತದೆ. ಹಳೇ ಸೀಲ್ ಅದರ ಮೇಲೆ ಉಜ್ಜಿದರೆ ಹರಿಯುತ್ತದೆ. ಪಟಪಟ ಒತ್ತುವುದೂ ಬೇಡ, ದೊಡ್ಡ ಗುಳ್ಳೆ ನೊರೆಯಾಗಿ ಒಡೆದು ಹೊರಗೆ ಬರಲು ಕಷ್ಟವಾಗುತ್ತದೆ.

ನಾಲ್ಕೈದು ಸಲ ಆದ ಮೇಲೆ ಒಮ್ಮೆ ಮೇಲಿನ ಬಟ್ಟಲು ನೋಡಿ. ಅದು ಖಾಲಿಯಾಗಲು ಬಿಟ್ಟರೆ ಮೇಲಿನಿಂದ ಗಾಳಿ ಹೊಕ್ಕು ಎಲ್ಲ ಮೊದಲಿನಿಂದ. ಪೈಪಿನಲ್ಲಿ ಬರುವ ದ್ರವ ಕಪ್ಪಿನಿಂದ ಕಂದಿಗೆ, ಕಂದಿನಿಂದ ತಿಳಿಗೆ ತಿರುಗುತ್ತದೆ. ನಮಗೆ ಮೊದಲ ಚಕ್ರದಲ್ಲಿ ಗುಳ್ಳೆಗಳು ಸಾಲಾಗಿ ಬಂದವು, ಆಮೇಲೆ ಒಂದೊಂದೇ, ಆಮೇಲೆ ನಿಂತವು. ತಿಳಿ ಬಣ್ಣ ಬಂದು, ಗುಳ್ಳೆ ನಿಂತ ಮೇಲೂ ಇನ್ನೊಂದು ನಾಲ್ಕು ಸಲ ತೆಗೆಯಿರಿ. ಕಾಲಿನ ಬ್ರೇಕಿಗೆ ಬೇರೆ ಮಾಸ್ಟರ್ ಸಿಲಿಂಡರ್ ಇದ್ದರೆ ಅದಕ್ಕೂ ಇದೇ ಕ್ರಮ. ನಿಪ್ಪಲನ್ನು ಬಲ ಹಾಕಿ ಬಿಗಿಯಬೇಡಿ. ಒಳಗೆ ತೂತಿರುವ ಸಣ್ಣ ಬೋಲ್ಟ್ ಅದು, ಮುರಿದರೆ ಕ್ಯಾಲಿಪರೇ ಹೋಗುತ್ತದೆ.

ಇಷ್ಟಾದರೂ ಲಿವರ್ ಮೆತ್ತಗೇ ಇದ್ದರೆ ಗಾಳಿ ಎತ್ತರದ ಜಾಗದಲ್ಲಿ ಅಡಗಿದೆ. ಗುಳ್ಳೆ ಮೇಲಕ್ಕೆ ಹೋಗುವಂಥದ್ದು, ನಾವು ಎಳೆಯುತ್ತಿರುವುದು ಕೆಳಕ್ಕೆ. ಮಾಸ್ಟರ್ ಸಿಲಿಂಡರಿಗೆ ಪೈಪ್ ಸೇರುವ ಜಾಗ ಇದಕ್ಕೆ ಮೊದಲ ಅಡಗುತಾಣ. ಹ್ಯಾಂಡಲನ್ನು ಆ ಕಡೆ ಈ ಕಡೆ ತಿರುಗಿಸಿ, ಪೈಪನ್ನು ಬೆರಳಿನಿಂದ ತಟ್ಟಿ, ಲಿವರನ್ನು ಚೂರು ಚೂರೇ ಆಡಿಸಿ. ಕ್ಯಾಲಿಪರಿನಲ್ಲಿ ನಿಪ್ಪಲ್ ಎಲ್ಲಕ್ಕಿಂತ ಮೇಲೆ ಇಲ್ಲದಿದ್ದರೆ ಕ್ಯಾಲಿಪರ್ ಬಿಚ್ಚಿ ಹಾಗೆ ಎತ್ತಿ ಹಿಡಿಯಬೇಕು. ಆಗ ಪ್ಯಾಡುಗಳ ಮಧ್ಯೆ ಡಿಸ್ಕಿನಷ್ಟೇ ದಪ್ಪದ ತಗಡು ಅಥವಾ ಮರದ ತುಂಡು ಇಡಲೇಬೇಕು, ಇಲ್ಲವಾದರೆ ಪಿಸ್ಟನ್ ಹೊರಗೆ ಬರುತ್ತದೆ.

ರಾತ್ರಿಯೆಲ್ಲ ಲಿವರನ್ನು ಹಳೇ ಟ್ಯೂಬಿನ ತುಂಡಿನಲ್ಲಿ ಒತ್ತಿ ಕಟ್ಟಿಡುವ ಉಪಾಯವೂ ಇದೆ. ಒತ್ತಡಕ್ಕೆ ಗುಳ್ಳೆ ಚಿಕ್ಕದಾಗಿ ಅಂಟಿದ ಜಾಗ ಬಿಡುತ್ತದೆ, ಬೆಳಗ್ಗೆ ಬಿಚ್ಚಿದಾಗ ಮೇಲಕ್ಕೆ ಬರುತ್ತದೆ. ಉಳಿದ ಒಂದೆರಡು ಗುಳ್ಳೆಗೆ ಇದು ಸಾಕು. ಜಾಸ್ತಿ ಗಾಳಿ ಇದ್ದರೆ ಮತ್ತೆ ಬ್ಲೀಡಿಂಗ್, ಅಂದರೆ ನಿಪ್ಪಲ್ ಬಿಚ್ಚಿ ಗಾಳಿ ತೆಗೆಯುವ ಇದೇ ಕೆಲಸ, ಮಾಡುವುದೇ ದಾರಿ.

ಎಲ್ಲ ಮುಗಿದ ಮೇಲೆ ಬಟ್ಟಲಿನಲ್ಲಿ ಮೇಲಿನ ಗೆರೆಯ ತನಕ ತುಂಬಿ, ಅದಕ್ಕಿಂತ ಮೇಲೆ ಬೇಡ. ರಬ್ಬರ್ ಹಾಳೆ ಒರೆಸಿ, ಮಡಿಕೆ ಸರಿಮಾಡಿ ಕೂರಿಸಿ ಮುಚ್ಚಳ ಹಾಕಿ. ಕ್ಯಾಲಿಪರ್, ನಿಪ್ಪಲ್, ಪೈಪಿನ ಕೀಲುಗಳನ್ನು ನೀರಿನಲ್ಲಿ ತೊಳೆದು ಒರೆಸಿ, ಟೊಪ್ಪಿ ಹಾಕಿ. ಪ್ಯಾಡಿಗೆ ದ್ರವ ತಾಗಿದ್ದರೆ ಆ ಪ್ಯಾಡ್ ಬದಲಿಸಿಬಿಡಿ. ಈಗ ಲಿವರನ್ನು ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಿಡಿದಿರಿ. ಅದು ಒಂದೇ ಜಾಗದಲ್ಲಿ ಕಲ್ಲಿನ ಹಾಗೆ ನಿಲ್ಲಬೇಕು. ಮೆಲ್ಲಮೆಲ್ಲಗೆ ಇಳಿಯುತ್ತಾ ಹೋದರೆ ಸೋರಿಕೆ ಇದೆ, ಅಥವಾ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಆ ಗಾಡಿಯನ್ನು ಇಳಿಜಾರಿಗೆ ತೆಗೆದುಕೊಂಡು ಹೋಗಬೇಡಿ.

ನಾವು ಮೊದಲು ಕಣದ ಮೇಲೆ ನಡಿಗೆಯ ವೇಗದಲ್ಲಿ ಓಡಿಸಿ ಹತ್ತಿಪ್ಪತ್ತು ಸಲ ನಿಲ್ಲಿಸಿ ನೋಡಿದೆವು. ನಿಪ್ಪಲ್ ಹತ್ತಿರ ಒದ್ದೆ ಇದೆಯಾ ಅಂತ ಬಿಳಿ ಕಾಗದ ಒತ್ತಿ ನೋಡಿದೆವು. ಆಮೇಲೆ ಮೂಟೆ ಇಲ್ಲದೆ ಮೇಲಿನ ಬ್ಲಾಕಿಗೆ ಹೋದೆವು. ಚಿಕ್ಕಪ್ಪ ಲೋ ಗೇರ್ ಹಾಕಿ ಇಳಿದರು. ಮುಂಚಿನ ಹಾಗೆ ಲಿವರನ್ನು ಹಿಡಿದೇ ಇಳಿಯಲಿಲ್ಲ. ತಿರುವಿನ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಟ್ಟು, ಡಿಸ್ಕಿಗೆ ಗಾಳಿಯಾಡಲು ಬಿಟ್ಟರು. ಮೂರನೇ ತಿರುವಿನಲ್ಲಿ ಬೇಕಂತಲೇ ನಿಲ್ಲಿಸಿ, ಮೂರು ಸಲ ಲಿವರ್ ಒತ್ತಿ ನೋಡಿದರು.

ಹೊರಗೆ ಬಂದ ಹಳೆ ದ್ರವದ ವಿಷಯ. ಚರಂಡಿಗೆ, ಕಾಫಿ ಗಿಡದ ಬುಡಕ್ಕೆ ಚೆಲ್ಲಬೇಡಿ. ಹೇಮಾವತಿ ಹುಟ್ಟುವುದು ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ. ಇಲ್ಲಿನ ಎಷ್ಟೋ ಹಳ್ಳಗಳ ನೀರು ಅದಕ್ಕೇ ಸೇರುತ್ತದೆ, ಸಕಲೇಶಪುರ ದಾಟಿ ಗೊರೂರಿನ ಅಣೆಕಟ್ಟಿಗೆ ಹೋಗುತ್ತದೆ. ಜ್ಯೂಸ್ ಬಾಟಲಿಗೆ ತುಂಬಿಡುವುದಂತೂ ಬೇಡವೇ ಬೇಡ. ಇದು ವಿಷ, ಮಕ್ಕಳು ಕುಡಿದುಬಿಡಬಹುದು, ನಾಯಿ ನೆಕ್ಕಬಹುದು. ಬ್ರೇಕ್ ಆಯಿಲ್ ಬಂದಿದ್ದ ಬಾಟಲಿಗೇ ವಾಪಸ್ ತುಂಬಿ, ಮೇಲೆ "ಹಳೇದು" ಅಂತ ದೊಡ್ಡದಾಗಿ ಬರೆದು, ಎಂಜಿನ್ ಆಯಿಲ್ ಜೊತೆ ಬೆರೆಸದೆ ಬೇರೆಯಾಗಿಡಿ. ಪೇಟೆಗೆ ಹೋದಾಗ ಹಳೆ ಆಯಿಲ್ ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ಕೇಳಿ ಕೊಡಿ. ತೆರೆದ ಹೊಸ ಬಾಟಲಿಯಲ್ಲಿ ಉಳಿದದ್ದು ಇದ್ದರೆ ಅದನ್ನೂ ಇದರ ಜೊತೆಗೇ ಕಳಿಸಿ. ಮುಂದಿನ ಮಾರ್ಚಿಗೆ ಅಂತ ಎತ್ತಿಡಬೇಡಿ.